ಮಡಿವಾಳಯ್ಯನ ಖಾಸಗಿ ಬಿರುಕು

ಏಳು ಸಮುದ್ರದ ಆಚೆ, ಏಳು ಗುಡ್ಡದ ಆಚೆ, ಒಂದು ಗಿಳಿಯ ಹೊಟ್ಟೆಯಲ್ಲಿ ತನ್ನ ಪ್ರಾಣ ಬಚ್ಚಿಟ್ಟು ನಿಶ್ಚಿಂತೆಯಿಂದ ನಿದ್ದೆ ಹೊಡೆದ ರಾಕ್ಷಸನ ಕಥೆ ಎಲ್ಲರಿಗೂ ಗೊತ್ತು. ಅದೇ ರಾಕ್ಷಸ ಶಹಾಬಾದಿನ ಗಣಿ ಓಣಿಯಲ್ಲಿ ಹುಟ್ಟಿದ್ದರೆ ಆ ಗಿಳಿ ಯಾವ ಗಿಡದಲ್ಲಿದೆ, ಎಷ್ಟನೇ ಟೊಂಗೆ, ಮುಂಜಾನೆ ಏನು ತಿಂದಿತು ಎಂಬುದೆಲ್ಲ ಮಧ್ಯಾಹ್ನದೊಳಗೆ ಫಕೀರಸಾಬನ ಚಾದ ಹೋಟೆಲಿಗೆ ಮುಟ್ಟಿಬಿಡುತ್ತಿತ್ತು. ಮುಟ್ಟಿಸುವವನು ಮಡಿವಾಳಯ್ಯ.

ಮಡಿವಾಳಯ್ಯ ಕೆಟ್ಟವನಲ್ಲ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಕಾರ್ಖಾನೆಯಲ್ಲಿ ಲಾರಿಗೆ ಹೇರುವ ಕಲ್ಲು ಅಳೆಯುವುದು ಅವನ ಕೆಲಸ. ಅಳತೆಯಲ್ಲಿ ಒಂದು ಬೆರಳು ಹೆಚ್ಚುಕಮ್ಮಿ ಮಾಡಿದವನಲ್ಲ. ಆದರೆ ಮಾತಿನ ವಿಷಯಕ್ಕೆ ಬಂದರೆ ಅವನ ಹೊಟ್ಟೆಗೆ ತಳವೇ ಇರಲಿಲ್ಲ. ಮೇಲಿಂದ ಹಾಕಿದ್ದು ಹಾಕಿದಂತೆ ಕೆಳಗೆ ಸೋರುತ್ತಿತ್ತು. ಓಣಿಯವರಿಗೆ ಅದು ದೋಷ ಅನಿಸಿರಲೂ ಇಲ್ಲ. ಊರಿಗೊಂದು ನಳ ಇದ್ದಂತೆ ಓಣಿಗೊಬ್ಬ ಮಡಿವಾಳಯ್ಯ.

ದೋಷ ಅನಿಸಿದ್ದು ಅವನ ಹೆಂಡತಿ ಗುರುದೇವಿಗೆ. ಅದೂ ಒಂದೇ ಒಂದು ಸಲ.

ಒಂದು ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತ, ಮೊರದ ಮೇಲಿನಿಂದ ಕಣ್ಣೆತ್ತದೆ, "ನಂಗ ಒಂದ್ಸಲ ಸಮುದ್ರ ನೋಡ್ಬೇಕು ಅನಸ್ತದ ನೋಡ್ರಿ" ಅಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಬೇಕು ಅಂದದ್ದು ಅದೊಂದೇ. ಅಂದವಳೇ ನಾಚಿಕೊಂಡು, "ಯಾರ ಮುಂದೂ ಹೇಳಬ್ಯಾಡ್ರಿ ಮತ್ತ. ನಗ್ತಾರ" ಎಂದು ಸೇರಿಸಿದಳು. ಮಡಿವಾಳಯ್ಯನಿಗೆ ಆ ಮಾತು ಎಷ್ಟು ಚಂದ ಕಂಡಿತೆಂದರೆ, ಅಷ್ಟು ಚಂದದ್ದನ್ನು ಒಬ್ಬನೇ ಇಟ್ಟುಕೊಳ್ಳುವುದು ಪಾಪ ಅನಿಸಿ, ಅಂಗಿ ಹಾಕಿಕೊಂಡು ಹೋಟೆಲಿಗೆ ಹೋದ.

ಮರುದಿನ ನಳಕ್ಕೆ ನೀರು ಬಂದಾಗ ಓಣಿ ಒಂದೇ ಕೊರಳಲ್ಲಿ ಕರೆಯಿತು: "ಗುರುದೇವಿ ಅಕ್ಕಾ, ಸಮುದ್ರ ಬಂದದ, ಕೊಡ ತಗೊಂಡ್ ಬರ್ರಿ." ಮಳೆ ಬಂದು ಗಟಾರು ತುಂಬಿದರೆ, "ಅಕ್ಕಾ, ತೆರಿ ಏಳಾಕತ್ಯಾವ, ದಂಡಿಗಿ ನಿಂದರ್ರಿ." ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ ಅದಕ್ಕೆ ಗುರುದೇವಿಯೇ ಹೊಣೆ. ಮೊದಮೊದಲು ಅವಳೂ ನಕ್ಕಳು. ಆಮೇಲೆ ನಗುವುದನ್ನು ಬಿಟ್ಟಳು. ಒಂದು ಮುಂಜಾನೆ, ಅಣ್ಣನ ಮನೆಯಲ್ಲಿ ಕೆಲಸ ಇದೆ ಎಂದು ಸುಲೇಪೇಟದ ಹಾದಿ ಹಿಡಿದಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಗಂಡನಿಗೆ ಹೇಳಿದ್ದು ಇಷ್ಟು: "ನನ್ನ ಮಾತು ನಿಮ್ಮ ಹೊಟ್ಟ್ಯಾಗ ಒಂದು ಊಟ ಅರಗೋ ತನಕನರ ಇರಬೇಕಿತ್ತಲ್ರಿ."

ಜೋಳ ರಾಶಿಗೆ ಬಂತು. ಗುರುದೇವಿ ಬರಲಿಲ್ಲ.

ಫೋನು ಮಾಡಿದರೆ ಅವಳ ಅತ್ತಿಗೆ ಎತ್ತಿ, "ಜಳಕಕ್ಕ ಹೋಗ್ಯಾರ್ರಿ" ಅನ್ನುತ್ತಿದ್ದಳು. ಮುಂಜಾನೆ ಮಾಡಿದರೂ ಜಳಕ, ಮಧ್ಯಾಹ್ನ ಮಾಡಿದರೂ ಜಳಕ. ಸುಲೇಪೇಟದಲ್ಲಿ ಒಬ್ಬ ಹೆಂಗಸಿನ ಜಳಕಕ್ಕೆ ಇಷ್ಟು ನೀರು ಎಲ್ಲಿಂದ ಬರುತ್ತದೆ ಎಂಬ ಚಿಂತೆಯಲ್ಲಿ ಮಡಿವಾಳಯ್ಯ ಸೊರಗಿದ. ಸಂಜೆ ಆ ಕಡೆಯ ಬಸ್ಸು ಬರುವ ಹೊತ್ತಿಗೆ, ಬೇರೆ ಯಾರಿಗೋ ಕಾಯುವವನಂತೆ ನಿಲ್ದಾಣದಲ್ಲಿ ನಿಲ್ಲುತ್ತಿದ್ದ. ಇಳಿಯಬೇಕಾದವರು ಇಳಿಯದಿದ್ದಾಗ ಕಂಡಕ್ಟರನ ಹತ್ತಿರ ಹೋಗಿ, "ಬಸ್ಸು ಆರಾಮ ಬಂತೇನ್ರಿ?" ಎಂದು ಬಸ್ಸಿನ ಯೋಗಕ್ಷೇಮ ವಿಚಾರಿಸಿ ಮನೆಗೆ ಮರಳುತ್ತಿದ್ದ.

ಅವನ ಜೀವ ಹಿಡಿದಿಟ್ಟದ್ದು ಎದುರು ಮನೆಯ ನಜಮುನ್ನೀಸಾ. ಬಳೆ ಮಾರುವ ನಜಮುನ್ನೀಸಾ ಸುಲೇಪೇಟದ ಸಂತೆಗೆ ತಪ್ಪದೆ ಹೋಗುತ್ತಿದ್ದಳು. ಬರುವಾಗ ಒಂದು ತುಣುಕು ಸುದ್ದಿ ತರುತ್ತಿದ್ದಳು. "ಅಕ್ಕ ಹಸರು ಬಳಿ ಇಟ್ಕೊಂಡ್ರು ಅಯ್ಯನೋರ. ಚೌಕಾಶಿ ಮಾಡಲಿಲ್ಲ." ಚೌಕಾಶಿ ಮಾಡಲಿಲ್ಲ ಅಂದರೆ ಮನಸ್ಸು ಸರಿ ಇಲ್ಲ, ಮನಸ್ಸು ಸರಿ ಇಲ್ಲ ಅಂದರೆ ತನ್ನ ನೆನಪಾಗಿರಬೇಕು. ಮುಂದಿನ ಸಂತೆಯ ತನಕ ಮಡಿವಾಳಯ್ಯ ಆ ಹಸಿರು ಬಳೆಯನ್ನೇ ಉಂಡು ಬದುಕುತ್ತಿದ್ದ.

ಹೀಗಿರುವಾಗ ಓಣಿಯ ಹಿಂದೆ ಹೊಸ ರಸ್ತೆ ಬಂತು.

ರಸ್ತೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಹೋಗುವ ಮುನ್ನ ಅದು ಗಣಿ ಓಣಿಯ ಬೆನ್ನಿಗಿದ್ದ ಬಂಡೆಯನ್ನು ಸೀಳಬೇಕಾಗಿತ್ತು. ಸೈರನ್ ಕೂಗುವುದು, ಮದ್ದು ಸಿಡಿದು ನೆಲ ಒಮ್ಮೆ ಬಿಕ್ಕಳಿಸುವುದು, ಮೇಲಿನಿಂದ ಉದುರಿದ ಸುಣ್ಣ ಬೇಳೆಯೊಳಗೆ ಬೀಳುವುದು. ನೋಡನೋಡುತ್ತ ಮನೆಮನೆಯ ಗೋಡೆಗೂ ಬಿರುಕು ಬಂದವು. ಓಣಿ ದುಃಖಪಟ್ಟಿತೆಂದು ತಿಳಿಯಬಾರದು. ಹೊಸ ಸೊಸೆಯನ್ನು ತೋರಿಸುವಂತೆ ತಮ್ಮ ತಮ್ಮ ಬಿರುಕನ್ನು ಒಬ್ಬರಿಗೊಬ್ಬರು ಕರೆದು ತೋರಿಸಿದರು. "ನಮ್ಮದರಾಗ ನೋಡ್ರಿ, ಅಂಗೈ ಹೋಗ್ತದ." "ಅಂಗೈ ಏನ್ ಬಿಡು, ನಮ್ಮದರಾಗ ಹಲ್ಲಿ ಸಂಸಾರ ಮಾಡ್ಯಾದ."

ಪರಿಹಾರ ಕೊಡಲು ಸಮುದಾಯ ಭವನದಲ್ಲಿ ಒಂದು ಮೇಜು ಹಾಕಿದರು. ಮೇಜಿನ ಹಿಂದೆ ಕಲಬುರಗಿಯಿಂದ ಬಂದ ಅರುಣಕುಮಾರ ಎಂಬ ಎಳೆಯ ಅಧಿಕಾರಿ, ಕೈಯಲ್ಲಿ ಒಂದು ಟ್ಯಾಬು. ಮಡಿವಾಳಯ್ಯನ ಸರದಿ ಬಂದಾಗ ಅವನ ಹಿಂದೆ ಅರ್ಧ ಓಣಿ ಹೆಗಲ ಮೇಲಿಂದ ಬಗ್ಗಿತ್ತು. ಗಣಿ ಓಣಿಯಲ್ಲಿ ಹೆಗಲ ಮೇಲಿಂದ ಬಗ್ಗುವುದು ತಪ್ಪಲ್ಲ. ಬಗ್ಗದಿದ್ದರೆ ಸೊಕ್ಕು ಅನ್ನುತ್ತಾರೆ.

"ಎಲ್ಲಾರೂ ಹಿಂದಕ್ಕ ಸರೀರಿ," ಅಂದ ಅರುಣಕುಮಾರ. "ಇವರ ಮಾಹಿತಿ ಖಾಸಗಿ ಅದ."

ಓಣಿಗೆ ಅರ್ಥವಾಗಲಿಲ್ಲ. ಮಡಿವಾಳಯ್ಯನಿಗಂತೂ ತನ್ನ ಹತ್ತಿರ ಅಂಥದೊಂದು ವಸ್ತು ಇದೆ ಎಂದೇ ಗೊತ್ತಿರಲಿಲ್ಲ.

"ನೀವು ಇಲ್ಲಿ ಹೇಳಿದ್ದು ಇಲ್ಲೇ ಇರ್ತದ್ರಿ," ಅಧಿಕಾರಿ ದನಿ ತಗ್ಗಿಸಿ ವಿವರಿಸಿದ. "ಆಧಾರ್, ಪಾಸ್‌ಬುಕ್, ಮನ್ಯಾಗ ಯಾರ್ಯಾರು ಇರ್ತೀರಿ, ಎಲ್ಲ. ನಿಮ್ಮ ಒಪ್ಪಿಗಿ ಇಲ್ದ ಯಾರಿಗೂ ಹೇಳಂಗಿಲ್ಲ."

"ಯಾರಾದ್ರೂ ಕೇಳಿದ್ರ?"

"ಹೇಳಂಗಿಲ್ಲ."

"ಚಾ ಕುಡಿಸಿ ಕೇಳಿದ್ರ?"

"ಇಲ್ರಿ."

"ಚಾದ ಜೋಡಿ ಮಿರ್ಚಿ ಭಜಿ ಕೊಡ್ಸಿದ್ರ?"

"ಅಯ್ಯನೋರೇ, ಇದು ಕಾಯ್ದೆ ಅದರಿ."

ಮಡಿವಾಳಯ್ಯ ಬಹಳ ಹೊತ್ತು ಆ ಹುಡುಗನ ಹೊಟ್ಟೆಯನ್ನೇ ನೋಡಿದ. ಚಪ್ಪಟೆಯಾಗಿತ್ತು, ಆದರೂ ಇಡೀ ಓಣಿಯ ಮಾತು ಅದರಲ್ಲಿ ಹಿಡಿಸಿತ್ತು. ಮಿರ್ಚಿ ಭಜಿಯನ್ನೂ ಗೆದ್ದ ಗಂಡಸನ್ನು ಅವನು ನೋಡಿದ್ದು ಅದೇ ಮೊದಲು. ಬಸ್ಸಿನ ಮೆಟ್ಟಿಲ ಮೇಲೆ ನಿಂತ ಗುರುದೇವಿ ಕಣ್ಣಿಗೆ ಕಟ್ಟಿದಳು.

"ಮನ್ಯಾಗ ಯಾರ್ಯಾರು ಇರ್ತೀರಿ?"

"ನಾನು," ಅಂದ ಮಡಿವಾಳಯ್ಯ. "ಮತ್ತ ನಮ್ಮ ಮನಿಯವರು."

"ಇಬ್ಬರೂ ಇಲ್ಲೇ ವಾಸ?"

"ಹೌದ್ರಿ."

ಅದು ಸುಳ್ಳೋ, ಆಸೆಯೋ ಎಂದು ಟ್ಯಾಬು ಕೇಳಲಿಲ್ಲ.

ಭವನದಿಂದ ಹೊರಬಿದ್ದ ಮಡಿವಾಳಯ್ಯ ಬೇರೆಯೇ ಮನುಷ್ಯನಾಗಿದ್ದ. ತಾನು ಮಾತು ಹಿಡಿದಿಡುವವನಾದ ಸುದ್ದಿ ಸುಲೇಪೇಟಕ್ಕೆ ಮುಟ್ಟಿದರೆ ಗುರುದೇವಿ ಬಂದಾಳು ಎಂದು ಲೆಕ್ಕ ಹಾಕಿದ. ಲೆಕ್ಕದಲ್ಲಿ ಒಂದೇ ತೊಡಕು: ಮಾತು ಹಿಡಿದಿಡುವವನು, ತಾನು ಮಾತು ಹಿಡಿದಿಡುತ್ತೇನೆ ಎಂದು ಯಾರಿಗೂ ಹೇಳುವಂತಿರಲಿಲ್ಲ.

ಫಕೀರಸಾಬ ಹೋಟೆಲಿನ ಬಾಗಿಲಲ್ಲೇ ಹಿಡಿದ. "ಏನ್ ಅಯ್ಯನೋರ, ಏನೇನು ಬರಸಿದ್ರಿ?"

"ಖಾಸಗಿ ಅದ ಭಾಯ್."

"ನಿಮ್ಮ ಬಿರುಕು ಎಷ್ಟುದ್ದ ಅಂತ ಬರ್ಕೊಂಡ?"

"ಅದೂ ಖಾಸಗಿ."

"ಬರ್ರಿ, ಚಾ ಕುಡೀರಿ. ಸಕ್ರಿ ಎಷ್ಟು ಹಾಕ್ಲಿ?"

ಮಡಿವಾಳಯ್ಯ ಯೋಚಿಸಿದ. ಸಕ್ಕರೆ ಖಾಸಗಿಗೆ ಸೇರುತ್ತದೋ ಇಲ್ಲವೋ ಎಂದು ಅರುಣಕುಮಾರ ಹೇಳಿರಲಿಲ್ಲ. ಸಂಶಯ ಬಂದಲ್ಲಿ ಬಾಯಿ ಮುಚ್ಚುವುದು ಮೇಲೆಂದು ತೀರ್ಮಾನಿಸಿ, ಕಣ್ಣು ಮುಚ್ಚಿ, ಸಕ್ಕರೆಯಿಲ್ಲದ ಚಾ ಕುಡಿದು ಎದ್ದ.

ಮನೆಗೆ ಹೋದವನೇ ಗುರುದೇವಿ ಹೊಲಿದ ಕೌದಿಯನ್ನು ತಂದು ಪಡಸಾಲೆಯ ಬಿರುಕಿಗೆ ಪರದೆಯಾಗಿ ಇಳಿಬಿಟ್ಟ. ಇಳಿಬಿಟ್ಟದ್ದೇ ತಡ, ಆ ತನಕ ಯಾರೂ ಕಣ್ಣೆತ್ತಿ ನೋಡಿರದ ಆ ಬಿರುಕು ಊರಿನ ಅತಿ ದೊಡ್ಡ ಬಿರುಕಾಯಿತು. ಅದರೊಳಗೆ ಮನುಷ್ಯ ಅಡ್ಡಡ್ಡ ತೂರಬಹುದಂತೆ ಎಂದು ನಳದ ಹತ್ತಿರ ಸುದ್ದಿಯಾಯಿತು. ಅದರಿಂದ ಇಣುಕಿದರೆ ವಾಡಿಯ ಸ್ಟೇಷನ್ನು, ಅಲ್ಲಿ ನಿಂತ ಗಾಡಿ, ಗಾಡಿಯ ಕಿಟಕಿಯಲ್ಲಿ ಪೂರಿ ತಿನ್ನುವವರು ಕಾಣುತ್ತಾರಂತೆ ಎಂದು ಹೋಟೆಲಿನಲ್ಲಿ. ಗೋಡೆಯೊಳಗೆ ನಿಜಾಮನ ಕಾಲದ ಹೊನ್ನಿನ ಕೊಪ್ಪರಿಗೆ ಸಿಕ್ಕಿದೆ, ಅದಕ್ಕೇ ಅಯ್ಯನೋರ ಬಾಯಿ ಹೊಲಿದಿದೆ ಎಂಬ ಮಾತು ಚಿತ್ತಾಪುರಕ್ಕೆ ಮುಟ್ಟಿದ ಮರುದಿನ, ಅಲ್ಲಿಂದ ಅವನ ಅಕ್ಕ ಬಸವೇಶ್ವರಿ ರೊಟ್ಟಿಯ ಗಂಟು ಹೊತ್ತು ಬಂದಿಳಿದಳು.

"ಏನೋ ತಮ್ಮಾ, ಭಾಳ ಸೊರಗೀದಿ," ಅನ್ನುತ್ತ ಬಸವೇಶ್ವರಿ ತಮ್ಮನ ಮುಖ ಬಿಟ್ಟು ಗೋಡೆಯ ಮುಖ ನೋಡಿದಳು. "ನಿನ್ನ ನೋಡಾಕಂತನ ಬಂದೀನಿ." ಕೌದಿಯತ್ತ ಕೈ ಚಾಚಿದಳು.

"ಅಕ್ಕಾ, ಅದು ಖಾಸಗಿ."

"ನಿನ್ನ ಉಚ್ಚಿ ಅರಬಿ ಒಗದಾಕಿ ನಾನು. ನಂಗೆಂಥಾದ್ದೋ ಖಾಸಗಿ?"

"ಕಾಯ್ದೆ ಅದ ಅಕ್ಕಾ."

"ಕಾಯ್ದೆ ಬಂದು ನಿಂಗ ರೊಟ್ಟಿ ಬಡದ್ ಹಾಕ್ತದೇನು?"

ಮಡಿವಾಳಯ್ಯ ಕೌದಿಗೆ ಬೆನ್ನು ಕೊಟ್ಟು ನಿಂತೇ ಊಟ ಮಾಡಿದ. ಅವನು ಕೆಲಸಕ್ಕೆ ಹೋದಾಗ ಬಸವೇಶ್ವರಿ ಒರಳ ಗುಂಡಿನಿಂದ ಉಳಿದ ಮೂರು ಗೋಡೆಗಳನ್ನು ಕುಟ್ಟಿ ಕುಟ್ಟಿ ಕಿವಿಯಿಟ್ಟು ಕೇಳಿದಳು. ಮೂರರಲ್ಲೂ ಹೊಸ ಬಿರುಕು ಬಂದವು. ನಾಲ್ಕನೆಯದರ ಕೌದಿಯನ್ನು ಮಾತ್ರ ಎತ್ತಲಿಲ್ಲ. ಎತ್ತಿದರೆ ಕೊಪ್ಪರಿಗೆ ಕಾಯುವ ಹಾವು ಎದ್ದುಬಂದರೆ ಎಂಬ ಅಂಜಿಕೆ.

ಇಷ್ಟೆಲ್ಲ ಸಹಿಸಬಹುದಿತ್ತು. ಆದರೆ ಸಂತೆಯ ದಿನ ಬಂತು.

ನಜಮುನ್ನೀಸಾ ಸುಲೇಪೇಟದಿಂದ ಮರಳಿ ಬಳೆಯ ಬುಟ್ಟಿ ಇಳಿಸುವ ಹೊತ್ತಿಗೆ ಮಡಿವಾಳಯ್ಯ ಅವಳ ಕಟ್ಟೆಯ ಮುಂದೆ ಹಾಜರಿದ್ದ. ಅವಳು ಬಳೆ ಒರೆಸಿದಳು, ದಾರಕ್ಕೆ ಪೋಣಿಸಿದಳು, ಬಿಚ್ಚಿದಳು, ಮತ್ತೆ ಪೋಣಿಸಿದಳು.

"ಸಂತಿ ಹ್ಯಾಂಗಿತ್ತು ನಜಮಾ?"

"ಚಲೋ ಇತ್ತು."

"ಮಂದಿ ಬಂದಿದ್ರೇನು?"

"ಸಂತಿಗಿ ಮಂದಿ ಬರ್ದ ಮತ್ತ ಎಮ್ಮಿ ಬರ್ತಾವೇನ್ರಿ?"

"ನಮ್ಮ... ನಮ್ಮ ಪೈಕಿ ಯಾರಾದ್ರೂ?"

ನಜಮುನ್ನೀಸಾ ಬಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಅದು ಖಾಸಗಿ ಅದ ಅಯ್ಯನೋರ. ಅಕ್ಕನ ಒಪ್ಪಿಗಿ ಇಲ್ದ ನಾ ಹ್ಯಾಂಗ ಹೇಳ್ಲಿ? ಕಾಯ್ದೆ ಅದ."

ಗಣಿ ಓಣಿಯಲ್ಲಿ ಸುದ್ದಿ ಎಂದರೆ ಕಡ ಕೊಡುವ ಹೆಪ್ಪು. ಇವತ್ತು ನೀವು ಕೊಟ್ಟರೆ ನಾಳೆ ನಿಮಗೆ ಸಿಗುತ್ತದೆ. ತನ್ನ ಮನೆಯ ಮೊಸರಿಗೆ ಮುಚ್ಚಳ ಹಾಕಿದವನಿಗೆ ಯಾರ ಮನೆಯಿಂದಲೂ ಹೆಪ್ಪು ಹುಟ್ಟದು. ಈ ಧರ್ಮಸೂಕ್ಷ್ಮ ಮಡಿವಾಳಯ್ಯನಿಗೆ ಹೊಳೆದದ್ದು ಆಗ.

"ಆರಾಮ ಅದಾಳೋ ಇಲ್ಲೋ, ಅಷ್ಟನರ ಹೇಳವಾ."

"ನೀವು ಬಿರುಕು ತೋರಸ್ರಿ, ನಾ ಎಲ್ಲ ಹೇಳ್ತೀನಿ. ಏನ್ ಉಟ್ಟಿದ್ರು, ಏನಂದ್ರು, ಯಾರ ಹೆಸರು ತಗೊಂಡ್ರು. ಎಲ್ಲ."

ಹೆಸರು. ಮಡಿವಾಳಯ್ಯ ಒಂದೇ ಉಸಿರಿಗೆ ರಸ್ತೆ ದಾಟಿ ಮನೆಗೆ ಬಂದ. ಹಿಂದೆಯೇ ನಜಮುನ್ನೀಸಾ, ಅವಳ ಹಿಂದೆ ಫಕೀರಸಾಬ, ಅಡಿಗೆಮನೆಯ ಬಾಗಿಲಲ್ಲಿ ಬಸವೇಶ್ವರಿ, ಕಿಟಕಿಗೆ ಉಳಿದ ಓಣಿ. ಅವನು ಕೌದಿಯ ತುದಿ ಹಿಡಿದು ಮೊಣಕಾಲ ತನಕ ಎತ್ತಿದ. ಓಣಿ ಉಸಿರು ಹಿಡಿಯಿತು. ಕೌದಿಯಲ್ಲಿ ಅವಳ ಹಳೆಯ ಸೀರೆಗಳೆಲ್ಲ ತುಂಡುತುಂಡಾಗಿ ಕೂತಿದ್ದವು. ಅವನ ಹೆಬ್ಬೆರಳ ಕೆಳಗೆ ಇದ್ದದ್ದು ಅವಳು ಬೇಳೆ ಹಸನು ಮಾಡುವಾಗ ಉಡುತ್ತಿದ್ದ ಕಂದು ಬಣ್ಣದ್ದು. ಮಡಿವಾಳಯ್ಯ ನಿಂತ. ಕೌದಿ ಬಿಟ್ಟ.

"ಬ್ಯಾಡ ನಜಮಾ," ಅಂದ. "ಒಂದು ಮಾತಿನ ಆಸಿಗಿ ಇದನ್ನ ತೋರಿಸಿದ್ರ, ನಾ ಮದಲಿನ ಮಡಿವಾಳಯ್ಯನ ಆಗ್ತೀನಿ."

ಯಾರೂ ನಗಲಿಲ್ಲ. ಬಸವೇಶ್ವರಿ ಮಾತ್ರ, "ಕೊಪ್ಪರಗಿ ಖರೇನ ದೊಡ್ಡದದ ಹಂಗಾರ" ಅಂದಳು.

ಮರುವಾರ ಅರುಣಕುಮಾರನ ಫೋನು ಬಂತು. "ಅಯ್ಯನೋರೇ, ನಿಮ್ಮ ಮನಿ ನೋಡಾಕ ಶುಕ್ರವಾರ ಬರ್ತೀನಿ. ಒಂದು ಸಣ್ಣ ತೊಂದ್ರಿ ಆಗ್ಯಾದ. ನಿಮ್ಮ ಮನಿಯವರ ಮಾಹಿತಿ ನೀವು ಕೊಟ್ಟೀರಿ. ಅವರ ಒಪ್ಪಿಗಿ ಇಲ್ಲ."

"ನನ್ನ ಹೇಣ್ತಿ ಅಲ್ಲೇನ್ರಿ?"

"ನಿಮ್ಮ ಹೇಣ್ತಿ ಇರಬಹುದು. ಮಾಹಿತಿ ಅವರದು. ಅವರ ಮೊಬೈಲಿಗಿ ಮೆಸೇಜ್ ಕಳ್ಸೀವಿ. ತಪ್ಪಿದ್ರ ಬಂದು ತಿದ್ದಸಬಹುದು, ಬ್ಯಾಡ ಅಂದ್ರ ಅಳಸ್ತೀವಿ."

ಮಡಿವಾಳಯ್ಯ ಹೊಸ್ತಿಲ ಮೇಲೆ ಕೂತ. ಇಡೀ ಊರಿಗೆ ಬಾಯಿ ಮುಚ್ಚಿದವನು, ಬಾಯಿ ಮುಚ್ಚಲು ಕಲಿಸಿದ ಮೇಜಿನ ಮುಂದೆಯೇ ಮತ್ತೊಮ್ಮೆ ಅವಳನ್ನು ಕೇಳದೆ ಅವಳ ಮಾತು ಒಪ್ಪಿಸಿ ಬಂದಿದ್ದ. "ಅಕೀ ಹೆಸರು ತೆಗದುಬಿಡ್ರಿ ಸಾಹೇಬ್ರ, ಅಕೀಗಿ ಗೊತ್ತಾಗೋದ್ರಾಗ."

"ತೆಗೀಬೇಕಂದ್ರೂ ಅವರ ಬಂದು ಹೇಳಬೇಕ್ರಿ."

ಶುಕ್ರವಾರ ಗುರುದೇವಿ ಬಸ್ಸಿಳಿದಳು. ಓಣಿ ಅವಳ ಮುಖಕ್ಕಿಂತ ಮೊದಲು ಅವಳ ಕೈ ನೋಡಿತು. ಚೀಲವಿಲ್ಲ, ಗಂಟಿಲ್ಲ. ಬರೀ ಒಂದು ಪರ್ಸು. ಸಂಜೆಯ ಬಸ್ಸಿಗೆ ಮರಳುವ ಹೆಂಗಸಿನ ಕೈ ಅದು ಎಂದು ಎಲ್ಲರಿಗೂ ಕಂಡಿತು. ಎಲ್ಲರಿಗಿಂತ ಮೊದಲು ಮಡಿವಾಳಯ್ಯನಿಗೆ ಕಂಡಿತು.

ಅವಳು ಅಂಗಳಕ್ಕೆ ಬಂದಾಗ ಅವನು ಹೊಸ್ತಿಲಿನಿಂದ ಎದ್ದು ನಿಂತ. "ಬಸ್ಸು ಆರಾಮ ಬಂತು?" ಎಂದು ಕೇಳಿದ.

"ಬಂತ್ರಿ."

ಅವಳು ಬರುವ ಮೊದಲೇ ಅರುಣಕುಮಾರ ಕೌದಿ ಸರಿಸಿ ಬಿರುಕು ನೋಡಿ, ಅಳೆದು, ಫೋಟೋ ತೆಗೆದು, ಮತ್ತೆ ಕೌದಿ ಬಿಟ್ಟಿದ್ದ. ಬಸವೇಶ್ವರಿಗೂ ಒಂದು ಕ್ಷಣ ದರ್ಶನವಾಗಿತ್ತು. ಜೋಳದ ದಂಟಿನಷ್ಟು ಸಣ್ಣ ಬಿರುಕು. ಅವಳು ಆಗಲೇ ರೊಟ್ಟಿಯ ಗಂಟಿನ ಬಟ್ಟೆ ಮಡಚಿಟ್ಟುಕೊಂಡು ಚಿತ್ತಾಪುರದ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದಳು.

ಅಂಗಳದಲ್ಲಿ ಎರಡು ಕುರ್ಚಿ ಹಾಕಿದರು. ಕಂಪೌಂಡಿನ ಕಲ್ಲುಗೋಡೆಯ ಮೇಲೆ ಓಣಿಯ ತಲೆಗಳು ಸಾಲಾಗಿ ಬೆಳೆದವು. ಗುರುದೇವಿ ಅಧಿಕಾರಿಯ ಎದುರು ಕೂತು ಸೆರಗು ಸರಿಪಡಿಸಿಕೊಂಡಳು. ಮಡಿವಾಳಯ್ಯ ಹೊಸ್ತಿಲ ಹತ್ತಿರ, ಶಾಲೆಯಲ್ಲಿ ಹೊರಗೆ ನಿಲ್ಲಿಸಿದವನಂತೆ ನಿಂತ.

"ಇವರು ಬರಸಿದ್ದು ಓದ್ತೀನಿ, ತಪ್ಪಿದ್ರ ಹೇಳ್ರಿ," ಅಂದ ಅರುಣಕುಮಾರ. "ಹೆಸರು, ಗುರುದೇವಮ್ಮ."

"ಗುರುದೇವಿ. ಆಧಾರದಾಗ ನೋಡ್ರಿ. ಇಷ್ಟು ವರ್ಷ ಆದ್ರೂ ನನ್ನ ಹೆಸರು ಸುದ್ದ ಬರಂಗಿಲ್ಲ ಇವರಿಗಿ."

ಗೋಡೆಯ ಮೇಲೊಂದು ನಗು ಹಾಯಿತು. ಅಧಿಕಾರಿ ತಿದ್ದಿದ.

"ವಯಸ್ಸು, ಐವತ್ತು."

"ಯಾರಿಗ್ರಿ ಐವತ್ತು? ಇವರ ವಯಸ್ಸು ನನ್ನ ತಲಿಗಿ ಕಟ್ಟ್ಯಾರ. ನಲವತ್ತಾರು ಬರೀರಿ."

ತಿದ್ದಿದ. ಮಡಿವಾಳಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಉದ್ಯೋಗ, ಏನೂ ಇಲ್ಲ."

ಗುರುದೇವಿ ಮೊದಲ ಸಲ ತಿರುಗಿ ಗಂಡನನ್ನು ನೋಡಿದಳು. "ಏನೂ ಇಲ್ಲ ಅಂತ ಬರಸೀರಿ?" ಅಧಿಕಾರಿಗೆ ಹೇಳಿದಳು: "ಹೊಲಿಗಿ ಅಂತ ಬರೀರಿ. ಆ ಗೋಡಿ ಮ್ಯಾಲ ತೂಗಾಕತ್ತದಲ್ಲ, ಅದು ನಾ ಹೊಲಿದದ್ದು."

"ಚಂದ ಅದರಿ," ಅಂದ ಅರುಣಕುಮಾರ, ತಿದ್ದುತ್ತ. ಆಮೇಲೆ ಅವನ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. "ಈ ಮನ್ಯಾಗ ವಾಸ. ಹೌದು ಅಂತ ಬರಸ್ಯಾರ."

ಗೋಡೆಯ ಮೇಲಿನ ತಲೆಗಳು ಒಂದು ಗೇಣು ಮುಂದೆ ಬಂದವು. ಹಿಂದೆ ಬಂಡೆಯ ಹತ್ತಿರ ಸೈರನ್ ಶುರುವಾಯಿತು. ಅದು ಉದ್ದಕ್ಕೆ ಕೂಗುತ್ತಿರುವಾಗ ಮಡಿವಾಳಯ್ಯ ಜೀವನದಲ್ಲಿ ಮೊದಲ ಸಲ ಏನನ್ನೂ ಹೇಳಬಯಸದೆ ನಿಂತಿದ್ದ. ಬರೀ ಕೇಳಬೇಕಾಗಿತ್ತು. ಅವಳು ಇಲ್ಲ ಅಂದರೆ, ಸುಳ್ಳು ಬರೆಸಿದ್ದಾನೆಂದು ಪರಿಹಾರದ ಅರ್ಜಿ ಹೋಗುತ್ತಿತ್ತು. ಹೋದರೆ ಹೋಗಲಿ, ಬಿರುಕು ಇದ್ದ ಗೋಡೆಯೊಳಗೂ ಬದುಕಬಹುದು. ಆದರೆ ಅವಳು ಇಲ್ಲಿಲ್ಲ ಎಂಬುದು ಬಾಯಿಮಾತಿನಿಂದ ದಾಟಿ ಸರಕಾರದ ಮಾತಾಗುತ್ತಿತ್ತು. ಸರಕಾರದ ಮಾತನ್ನು ಸಂಜೆ ಬಸ್ ನಿಲ್ದಾಣದಲ್ಲಿ ನಿಂತು ಅಳಿಸಲು ಬರುವುದಿಲ್ಲ.

"ನಜಮಾ ಹೋದ ಸಂತ್ಯಾಗ ಬಂದಿದ್ಳು," ಗುರುದೇವಿ ಯಾರಿಗೋ ಅನ್ನುವಂತೆ ಅಂದಳು. "ಕೌದಿ ಎತ್ತಿ, ತೋರಸ್ದ ಬಿಟ್ಟದ್ದು ಹೇಳಿದ್ಳು."

ಗೋಡೆಯ ಮೇಲಿನ ಒಂದು ತಲೆ ಸರ್ರನೆ ಕೆಳಗಿಳಿಯಿತು. ಅದು ನಜಮುನ್ನೀಸಾಳದು.

ನೆಲ ಬಿಕ್ಕಳಿಸಿತು. ಓಣಿಯ ತಲೆಗಳೆಲ್ಲ ರೂಢಿಯಂತೆ ಕಿವಿ ಮುಚ್ಚಿಕೊಂಡವು. ಮಾಳಿಗೆಯ ಅಂಚಿನ ಸುಣ್ಣ ಕುರ್ಚಿಗಳ ಮೇಲೂ ಉದುರಿತು. ಆ ಸದ್ದಿನ ಬಾಲ ಇನ್ನೂ ಬಂಡೆಯಲ್ಲಿ ಉರುಳುತ್ತಿರುವಾಗಲೇ ಗುರುದೇವಿ ಮುಂದೆ ಬಾಗಿ, ಅಧಿಕಾರಿಗೆ ಮತ್ತು ಹೊಸ್ತಿಲಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, "ಅದೊಂದಕ್ಕ ಕೈ ಹಚ್ಚಬ್ಯಾಡ್ರಿ. ಇದ್ದಂಗ ಇರ್ಲಿ" ಅಂದಳು.

ಅರುಣಕುಮಾರ ತಲೆಯಾಡಿಸಿ ಟ್ಯಾಬು ಮುಚ್ಚಿದ. ಗುರುದೇವಿ ಎದ್ದು, ಮೈಮೇಲಿನ ಸುಣ್ಣ ಕೊಡವಿಕೊಂಡು, ಗಂಡನ ಪಕ್ಕದಿಂದ ಹಾಯ್ದು ಒಳಗೆ ಹೋದಳು.

ಫಕೀರಸಾಬ ಕಿವಿಯಿಂದ ಕೈ ತೆಗೆದ. "ಏನಂದ್ರು ಅಯ್ಯನೋರ? ಸದ್ದಿನಾಗ ನಮಗ ಕೇಳಸಲಿಲ್ಲ. ಏನಂದ್ರು ಅಕ್ಕ?"

ಮಡಿವಾಳಯ್ಯನ ಬಾಯಿ ತೆರೆಯಿತು. ಒಳಗೆ ಮಾತು ತುಂಬಿ, ಉಕ್ಕಿ, ಹಲ್ಲಿನ ತನಕ ಬಂದು ನಿಂತಿತ್ತು. ಅವನ ಕಣ್ಣಲ್ಲಿ ನೀರಾಗಿ ಒಂದಿಷ್ಟು ಸೋರಿಯೂ ಹೋಯಿತು. ಗೋಡೆಯ ಮೇಲಿನ ಸಾಲು ಕಾಯುತ್ತಿತ್ತು. ಅವನು ಬಾಯಿ ಮುಚ್ಚಿ, ಒಮ್ಮೆ ನುಂಗಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.